ಮ್ಯಾರಥಾನ್‌ಗೆ ಗೋಡೆಯ ಕ್ಯಾಲೆಂಡರಿನಲ್ಲಿ ಜಾಗ ಹುಡುಕುವುದು ಹೇಗೆ

ನಲವತ್ತು ದಾಟಿದ ಮೇಲೆ ಮ್ಯಾರಥಾನ್ ಓಡಬೇಕೆಂದು ಸಲಹೆ ಕೇಳಲು ಬರುವವರು ಮೊದಲು ಶೂಗಳ ಬಗ್ಗೆ ವಿಚಾರಿಸುತ್ತಾರೆ. ನಾನು ಮೊದಲು ಕ್ಯಾಲೆಂಡರಿನ ಮಾತು ತೆಗೆಯುತ್ತೇನೆ. ಬೆಂಗಳೂರು ಪ್ರೆಸ್ಸಿನ ದೊಡ್ಡ ಗೋಡೆ ಕ್ಯಾಲೆಂಡರ್ ಮನೆಗೆ ಬಂದ ಕೂಡಲೇ ಅದನ್ನು ಊಟದ ಮೇಜಿನ ಮೇಲೆ ಹರಡಿ. ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಓಟಕ್ಕೆ ಸಂಬಂಧವೇ ಇಲ್ಲದ ದಿನಗಳನ್ನು ಮೊದಲು ಗುರುತು ಹಾಕಿ. ಓಟದ ಸರದಿ ಕೊನೆಯದು.

ನಾನು ಜಯನಗರದಲ್ಲಿ ಸಣ್ಣ ಕಚೇರಿ ನಡೆಸುವ ಚಾರ್ಟರ್ಡ್ ಅಕೌಂಟೆಂಟ್. ಮನೆ ಬಸವನಗುಡಿಯಲ್ಲಿ. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ಅಮ್ಮ ಮೈಸೂರಿನಲ್ಲಿ ಒಬ್ಬರೇ ಇದ್ದಾರೆ. ಕುಟುಂಬ, ಗೆಳೆತನ, ಕೆಲಸ, ಓಟ ಎಂಬ ನಾಲ್ಕಕ್ಕೂ ದಿನದಿನವೂ ಸಮಪಾಲು ಕೊಡಲು ಹೊರಟರೆ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಷ್ಟು ಜಾಗವಿಲ್ಲ. ವರ್ಷದಲ್ಲಿ ಇದೆ. ಒಂದೊಂದಕ್ಕೂ ಅದರದರ ಸುಗ್ಗಿ ಗೊತ್ತುಮಾಡಿ, ಉಳಿದವು ಆ ತಿಂಗಳುಗಳಲ್ಲಿ ಕಡಿಮೆಯಲ್ಲಿ ಬದುಕುವಂತೆ ನೋಡಿಕೊಳ್ಳುವುದೇ ನಾನು ಅನುಸರಿಸುವ ದಾರಿ.

ಕೊನೆಯಿಂದ ಹಿಂದಕ್ಕೆ ಎಣಿಸಿ

ನನ್ನ ವೃತ್ತಿಯನ್ನು ಆಳುವುದು ಗಡುವುಗಳು. ಜುಲೈ ಕೊನೆಯಲ್ಲಿ ಸಂಬಳದಾರರ ರಿಟರ್ನ್‌ಗಳು, ಸೆಪ್ಟೆಂಬರ್ 30ಕ್ಕೆ ತೆರಿಗೆ ಲೆಕ್ಕಪರಿಶೋಧನಾ ವರದಿ. ಸರ್ಕಾರ ಕೆಲವು ವರ್ಷ ಗಡುವನ್ನು ವಿಸ್ತರಿಸುತ್ತದೆ, ಆದರೆ ಅದನ್ನು ನಂಬಿ ಯಾರೂ ಯೋಜನೆ ಹಾಕಬಾರದು. ಮಾರ್ಚ್ ಬಂದರೆ ಮಗಳ ಪರೀಕ್ಷೆ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ವಾರಗಟ್ಟಲೆ ನಡೆಯುವ ಸಂಗೀತ ಕಛೇರಿಗಳು ಶುರುವಾಗುತ್ತವೆ. ಅದು ನನ್ನ ಗಂಡನ ಕಾಲ. ಆ ಸಂಜೆಗಳಲ್ಲಿ ಅಡುಗೆ, ಮನೆ, ಫೋನು ಎಲ್ಲವೂ ನನ್ನವು. ಅವರು ಚಪ್ಪರದ ಕೆಳಗೆ ಕೂತು ತಾಳವಾದ್ಯದವರ ತನಿ ಆವರ್ತನ ಮುಗಿಯುವವರೆಗೆ ಗಡಿಯಾರ ನೋಡಬೇಕಾಗಿಲ್ಲ.

ಇಷ್ಟು ಗುರುತುಗಳು ಬಿದ್ದ ಮೇಲೆ ಖಾಲಿ ಉಳಿಯುವುದು ಅಕ್ಟೋಬರಿನಿಂದ ಜನವರಿಯವರೆಗೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ವಾರಕ್ಕೆ ಮೂರು ನಾಲ್ಕು ದಿನ ಓಡುವ ರೂಢಿ ಇರುವವರಿಗೆ ಹದಿನಾರು ವಾರಗಳ ತಯಾರಿ ಹಿಡಿಯುತ್ತದೆ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ. ಅಲ್ಲಿಂದ ಹದಿನಾರು ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರಿನ ಕೊನೆಗೆ ಬಂದು ನಿಲ್ಲುತ್ತೇವೆ. ವರದಿಗಳು ಸಲ್ಲಿಕೆಯಾಗುವ ವಾರವೇ ನನ್ನ ತಯಾರಿ ಆರಂಭವಾಗುತ್ತದೆ. ನಾನು ಮುಂಬೈಯನ್ನು ಆರಿಸಿಕೊಂಡದ್ದು ಸಮುದ್ರ ನೋಡಲು ಅಲ್ಲ, ಈ ಲೆಕ್ಕಕ್ಕಾಗಿ. ನಿಮ್ಮ ಕೆಲಸ ಬೇರೆಯಾದರೆ ನಿಮ್ಮ ಓಟವೂ ಬೇರೆಯಾಗಬೇಕು. ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ಸಮಯವಿದೆ, ಆದರೆ ಬಿಸಿಲಿದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ವರ್ಷದ ಕೊನೆಗೆ ಬಿಡುಗಡೆಗಳ ಒತ್ತಡವಿದ್ದರೆ ಮಳೆಗಾಲದ ಓಟ ಒಳ್ಳೆಯದು. ಗೆಳೆಯರೆಲ್ಲ ಹೆಸರು ನೋಂದಾಯಿಸಿದರು ಎಂಬುದು ಒಂದು ಓಟವನ್ನು ಆರಿಸಿಕೊಳ್ಳಲು ಅತ್ಯಂತ ದುರ್ಬಲ ಕಾರಣ.

ಪ್ರತಿ ನಾಲ್ಕನೇ ವಾರ ದೂರವನ್ನು ಇಳಿಸುವುದು ತಯಾರಿಯ ಸಾಮಾನ್ಯ ಕ್ರಮ. ಆ ಹಗುರ ವಾರಗಳನ್ನು ಮನೆಯ ಹಬ್ಬಗಳ ಮೇಲೆ ತಂದು ಕೂರಿಸಿ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ನಮ್ಮ ಮನೆಗೆ ನೆಂಟರು ಬರುತ್ತಾರೆ, ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಓಡಲಾಗದ ವಾರವೇ ಓಡಬಾರದ ವಾರವೂ ಆದರೆ ಮನಸ್ಸಿಗೆ ಕಿರಿಕಿರಿ ಇಲ್ಲ. ನೆಂಟರ ಜೊತೆ ಕೂತು ಬಿಸಿ ಕಡಲೆಕಾಯಿ ಬಿಡಿಸುವಾಗ ಕಣ್ಣು ಕೈಗಡಿಯಾರದ ಮೇಲೆ ಹೋಗುವುದಿಲ್ಲ.

ಒತ್ತಡದ ತಿಂಗಳುಗಳಲ್ಲಿ

ಜುಲೈ ಮತ್ತು ಸೆಪ್ಟೆಂಬರಿನಲ್ಲಿ ಓಟ ಕುಗ್ಗಬೇಕು, ಆದರೆ ಸೊನ್ನೆಗೆ ಇಳಿಯಬಾರದು. ಪೂರ್ತಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ದಮ್ಮು ಇಳಿಯತೊಡಗುತ್ತದೆ. ದೂರವನ್ನು ಅರ್ಧಕ್ಕಿಂತ ಕಡಿಮೆ ಮಾಡಿದರೂ ತೀವ್ರತೆಯನ್ನು ಉಳಿಸಿಕೊಂಡರೆ ಅದು ಬಹುಪಾಲು ಉಳಿಯುತ್ತದೆ. ಹಾಗಾಗಿ ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಅದರಲ್ಲಿ ಒಂದು ದಿನ ನಡುವೆ ಕೆಲವು ನಿಮಿಷ ಜೋರಾಗಿ ಓಡುತ್ತೇನೆ. ಅಷ್ಟೇ ಸಾಕು.

ರಾತ್ರಿ ಹನ್ನೊಂದಕ್ಕೆ ಕಚೇರಿಯಿಂದ ಬಂದು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓಡುವವರನ್ನು ಮೆಚ್ಚಿ ಮಾತನಾಡುವುದು ನಮ್ಮ ಊರಿನಲ್ಲಿ ರೂಢಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು, ನಲವತ್ತರ ನಂತರ ಸ್ನಾಯು ಚೇತರಿಸಿಕೊಳ್ಳಲು ಹೆಚ್ಚು ಸಮಯ ಬೇಡುತ್ತದೆ. ನಿದ್ದೆ ಮತ್ತು ಓಟದ ನಡುವೆ ಒಂದನ್ನು ಬಿಡಬೇಕಾಗಿ ಬಂದ ದಿನ ಓಟವನ್ನು ಬಿಡಿ. ಮರುದಿನ ಅದನ್ನು ಸೇರಿಸಿ ಓಡಲೂ ಹೋಗಬೇಡಿ.

ಭಾನುವಾರ ಯಾರದು

ದೀರ್ಘ ಓಟ ಇಲ್ಲದೆ ಮ್ಯಾರಥಾನ್ ಇಲ್ಲ. ಡಿಸೆಂಬರಿನ ಹೊತ್ತಿಗೆ ಅದು 30 ಕಿಲೋಮೀಟರಿನವರೆಗೆ ಬೆಳೆಯುತ್ತದೆ. ಕಿಲೋಮೀಟರಿಗೆ ಏಳು ನಿಮಿಷದ ನನ್ನ ವೇಗಕ್ಕೆ ಅದು ಮೂರೂವರೆ ಗಂಟೆ. ಈ ಮೂರೂವರೆ ಗಂಟೆ ಮನೆಯ ಬೇರೊಬ್ಬರ ಹೆಗಲ ಮೇಲೆ ಬೀಳುತ್ತದೆ ಎಂಬುದನ್ನು ಮೊದಲೇ ಬಾಯಿ ಬಿಟ್ಟು ಮಾತನಾಡಿ. ಭಾನುವಾರದ ತಿಂಡಿ ನಮ್ಮ ಮನೆಯಲ್ಲಿ ಗಂಡನ ಕೆಲಸ. ಅದನ್ನು ಉಪಕಾರವೆಂದು ಅವರೂ ತಿಳಿದಿಲ್ಲ, ನಾನೂ ತಿಳಿದಿಲ್ಲ. ಹೆಂಗಸರು ಓಡಲು ಹೊರಟಾಗ ಮನೆಯಲ್ಲಿ ಅನುಮತಿ ಕೇಳುವ ಧ್ವನಿ ತಾನಾಗಿ ಬಂದುಬಿಡುತ್ತದೆ. ಆ ಧ್ವನಿಯನ್ನು ಬಿಟ್ಟು ಕೆಲಸ ಹಂಚಿಕೊಳ್ಳುವ ಧ್ವನಿಯಲ್ಲಿ ಮಾತನಾಡಿ. ಗಂಡಸರು ಓಡಲು ಹೊರಟಾಗ ಕೇಳುವುದೇ ಇಲ್ಲ, ಹೊರಟುಬಿಡುತ್ತಾರೆ. ಅವರೂ ಮೇಜಿನ ಮುಂದೆ ಕೂತು ಲೆಕ್ಕ ಒಪ್ಪಿಸಬೇಕು.

ಸಮಯ ಉಳಿಸುವ ಒಂದು ಉಪಾಯವಿದೆ: ಹೋದ ದಾರಿಯಲ್ಲೇ ಹಿಂದಿರುಗಬೇಡಿ. ಕತ್ತಲಿರುವಾಗಲೇ ಹೊರಟು ಲಾಲ್‌ಬಾಗ್ ಸುತ್ತಿ, ಕಬ್ಬನ್ ಉದ್ಯಾನದಲ್ಲಿ ಕಿಲೋಮೀಟರುಗಳನ್ನು ತುಂಬಿಸಿ ಅಲ್ಲಿಯೇ ಮುಗಿಸುತ್ತೇನೆ. ಭಾನುವಾರ ಉದ್ಯಾನದೊಳಗೆ ವಾಹನಗಳಿಲ್ಲ. ಅಲ್ಲಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಮನೆ ಹತ್ತಿರ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನ ಇರುವಾಗ ಮಾತ್ರ ಲಾಲ್‌ಬಾಗನ್ನು ದಾರಿಯಿಂದ ಕೈಬಿಡಿ.

ತಿಂಗಳಿಗೊಮ್ಮೆ ಶನಿವಾರ ಸಂಜೆ ರೈಲು ಹತ್ತಿ ಅಮ್ಮನ ಮನೆಗೆ ಹೋಗುತ್ತೇನೆ. ಓಡುವ ಶೂಗಳು ಚೀಲದಲ್ಲಿರುತ್ತವೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಓಟ ಮುಗಿಸಿ ಬರುವಷ್ಟರಲ್ಲಿ ಅಮ್ಮ ಪೂಜೆ ಮುಗಿಸಿರುತ್ತಾರೆ. ಉಳಿದ ದಿನವೆಲ್ಲ ಅವರದು: ಔಷಧಿ ಡಬ್ಬಿ ತುಂಬಿಸುವುದು, ಬ್ಯಾಂಕಿನ ಕಾಗದ ನೋಡುವುದು, ಎದುರು ಮನೆಯವರ ಸುದ್ದಿ ಕೇಳುವುದು. ಏರು ಬೇಕೆನಿಸಿದಾಗ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿವೆ.

ಗಡುವಿಲ್ಲದ ಬಾಂಧವ್ಯ

ನಾಲ್ಕರಲ್ಲಿ ಮೊದಲು ಸೊರಗುವುದು ಗೆಳೆತನ. ಕಚೇರಿಗೆ ಗಡುವಿದೆ, ಓಟಕ್ಕೆ ದಿನಾಂಕವಿದೆ, ಮನೆಯವರು ಎದುರು ನಿಂತು ಕೇಳುತ್ತಾರೆ. ಗೆಳತಿ ಏನೂ ಕೇಳುವುದಿಲ್ಲ. ನಿಮಗೆ ಬಿಡುವಿಲ್ಲವೆಂದು ಅವಳೇ ಅರ್ಥ ಮಾಡಿಕೊಂಡು ಫೋನ್ ಮಾಡುವುದನ್ನು ಕಡಿಮೆ ಮಾಡುತ್ತಾಳೆ. ಆ ಅರ್ಥ ಮಾಡಿಕೊಳ್ಳುವಿಕೆಯೇ ಅಪಾಯ. ಜೊತೆಗೆ ಓಡುವವರು ಗೆಳೆಯರಾಗುತ್ತಾರೆ, ನಿಜ, ಮತ್ತು ಆ ಸ್ನೇಹ ಬಹಳ ಗಟ್ಟಿ. ಆದರೆ ನೀವು ಇಪ್ಪತ್ತರಲ್ಲಿ ಹೇಗಿದ್ದಿರಿ ಎಂದು ಅವರಿಗೆ ಗೊತ್ತಿಲ್ಲ. ಕಾಲಿಗೆ ಪೆಟ್ಟಾಗಿ ವರ್ಷವಿಡೀ ಓಡಲಾಗದೆ ಹೋದಾಗ ಆ ಗುಂಪಿನ ಬೆಳಗುಗಳು ನಿಮ್ಮನ್ನು ಬಿಟ್ಟು ಮುಂದೆ ಸಾಗುತ್ತವೆ.

ಹಾಗಾಗಿ ಓಡದ ಗೆಳೆಯರ ದಿನವನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಕಾಲೇಜಿನಿಂದ ಜೊತೆಗಿರುವ ನನ್ನ ಗೆಳತಿ ಮಲ್ಲೇಶ್ವರದಲ್ಲಿದ್ದಾಳೆ. ತಿಂಗಳ ಮೊದಲ ಶನಿವಾರ ನಮ್ಮದು. ಒಮ್ಮೆ ಅವಳು ಗಾಂಧಿ ಬಜಾರಿಗೆ ಬಂದು ವಿದ್ಯಾರ್ಥಿ ಭವನದಲ್ಲಿ ದೋಸೆ, ಮತ್ತೊಮ್ಮೆ ನಾನು ಹಸಿರು ಮಾರ್ಗದ ಮೆಟ್ರೊದಲ್ಲಿ ಸಂಪಿಗೆ ರಸ್ತೆಗೆ. ಭೇಟಿಯ ನಂತರ ನಡೆಯುತ್ತೇವೆ. ದೀರ್ಘ ಓಟದ ಹಿಂದಿನ ದಿನ ನಿಧಾನ ನಡಿಗೆ ಕಾಲಿಗೂ ಒಳ್ಳೆಯದು, ಲಾಲ್‌ಬಾಗಿನ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಮೇಲೆ ಕೂತು ಮಾತನಾಡಲು ವಿಷಯಕ್ಕೆ ಬರವಿಲ್ಲ. ಅಲ್ಲಿ ಓಟದ ಸುದ್ದಿ ನಾನಾಗಿ ಎತ್ತುವುದಿಲ್ಲ. ಸೆಪ್ಟೆಂಬರಿನಲ್ಲಿ ಭೇಟಿ ಸಾಧ್ಯವಾಗದಿದ್ದರೆ ಹತ್ತು ನಿಮಿಷದ ಫೋನಾದರೂ ಆಗಬೇಕು. ಸಂದೇಶದಲ್ಲಿ ಕಳುಹಿಸುವ ಹೂವಿನ ಚಿತ್ರ ಇದಕ್ಕೆ ಬದಲಿಯಲ್ಲ.

ದೇಹದ ಲೆಕ್ಕ

ತಯಾರಿಗೆ ಮೊದಲು ವೈದ್ಯರನ್ನು ಕಾಣಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಇಸಿಜಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಅದನ್ನು ತಪ್ಪದೆ ಹೇಳಿ. ಹೆಂಗಸರು ಹಿಮೋಗ್ಲೋಬಿನ್ ಜೊತೆಗೆ ದೇಹದ ಕಬ್ಬಿಣಾಂಶದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಸಸ್ಯಾಹಾರಿಗಳು ಬಿ12 ನೋಡಿಸಿ. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಬೇಕೇ ಬೇಕು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಇಳಿದಂತೆ ಮೂಳೆಯ ಸಾಂದ್ರತೆಯೂ ಇಳಿಯುತ್ತದೆ, ಓಟವೊಂದರಿಂದಲೇ ಅದು ನಿಲ್ಲುವುದಿಲ್ಲ. ವಾರದ ಬಹುಪಾಲು ಓಟ ಪೂರ್ಣ ವಾಕ್ಯಗಳಲ್ಲಿ ಮಾತನಾಡುವಷ್ಟು ನಿಧಾನವಾಗಿರಲಿ. ದೀರ್ಘ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನಮ್ಮ ಏಲಕ್ಕಿ ಬಾಳೆ ಚಿಕ್ಕದು, ಎರಡು ತಿನ್ನಿ. ಇನ್ನೊಂದು ಮಾತು: ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ತಂಪು ಊರಿನ ವೇಗವನ್ನು ಮುಂಬೈಯ ಸೆಕೆಯಲ್ಲಿ ನಿರೀಕ್ಷಿಸಬೇಡಿ, ಕಿಲೋಮೀಟರಿಗೆ ಕೆಲವು ಸೆಕೆಂಡು ಬಿಟ್ಟುಕೊಟ್ಟು ಹೊರಡಿ.

ಹಿಂದೆ ಸರಿಯುವುದು ಯಾವಾಗ

ಇದನ್ನೂ ಅಕ್ಟೋಬರಿನಲ್ಲೇ ಮನೆಯವರ ಮುಂದೆ ತೀರ್ಮಾನಿಸಿ, ಏಕೆಂದರೆ ಜನವರಿಯಲ್ಲಿ ಮನಸ್ಸು ನ್ಯಾಯವಾಗಿ ಯೋಚಿಸುವುದಿಲ್ಲ. ನನ್ನ ನಿಯಮಗಳು ಮೂರು. ನಡಿಗೆಯ ರೀತಿಯನ್ನೇ ಬದಲಿಸುವ ನೋವು ಎರಡು ವಾರ ಉಳಿದರೆ ಆ ವರ್ಷ ಓಟವಿಲ್ಲ. ಅಮ್ಮನಿಗೆ ಶಸ್ತ್ರಚಿಕಿತ್ಸೆ ಬಂದರೆ ಓಟವಿಲ್ಲ. ಮಗಳು ಓದುವ ಮೇಜಿನಿಂದ ಎದ್ದು ಬಂದು ಅಮ್ಮಾ, ಈ ತಿಂಗಳು ಬೆಳಿಗ್ಗೆ ನನ್ನ ಜೊತೆ ಕೂತುಕೋ ಎಂದರೆ ಓಟವಿಲ್ಲ, ಕಾರಣವನ್ನು ಅವಳು ಹೇಳಬೇಕಾಗಿಯೂ ಇಲ್ಲ. ಶುಲ್ಕ ಹೋಗುತ್ತದೆ, ಹೋಗಲಿ. ಕೂಡಿಟ್ಟ ದಮ್ಮು ಒಮ್ಮೆಲೇ ಪೂರ್ತಿ ಹೋಗಿಬಿಡುವುದಿಲ್ಲ. 2008ರಿಂದ ನಮ್ಮ ಊರಿನಲ್ಲೇ ನಡೆಯುತ್ತಿರುವ ಹತ್ತು ಕಿಲೋಮೀಟರಿನ ಓಟ ವರ್ಲ್ಡ್ 10ಕೆ ಈಚಿನ ವರ್ಷಗಳಲ್ಲಿ ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಬರುತ್ತದೆ, ಪರೀಕ್ಷೆಗಳು ಮುಗಿದ ಮೇಲೆ. ಅಷ್ಟು ದೂರಕ್ಕೆ ಎಂಟು ವಾರಗಳ ತಯಾರಿ ಸಾಕು, ಮತ್ತು ಮಗಳೂ ಜೊತೆಗೆ ಓಡಬಹುದು.