ನ್ಯೂಯಾರ್ಕಿನಲ್ಲಿ ಟಿಪ್ಸ್: ನಾನು ಲೆಕ್ಕ ಹಾಕುವ ಬಗೆ

ಆಫೀಸ್ ಕೆಲಸಕ್ಕೆಂದು ನ್ಯೂಯಾರ್ಕಿಗೆ ಹೋಗಿಬರುವವಳು ನಾನು. ಹೊಸದಾಗಿ ಹೊರಟವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಅಲ್ಲಿ ಟಿಪ್ಸ್ ಕೊಡಲೇಬೇಕಾ?

ಕೂತು ಊಟ ಮಾಡುವ ಕಡೆ ಕೊಡಲೇಬೇಕು. ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ, ಅಮೆರಿಕದ ಕೇಂದ್ರ ಕಾನೂನಿನಂತೆ, ಗಂಟೆಗೆ ಬರೀ 2.13 ಡಾಲರ್. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ನ್ಯೂಯಾರ್ಕಿನಂಥ ಕೆಲವು ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚಿದೆ, ಆದರೂ ಅವರ ಸಂಪಾದನೆಯ ದೊಡ್ಡ ಪಾಲು ಗಿರಾಕಿ ಕೊಡುವ ಹಣವೇ. ಕೂಲಿಯ ಹೊರೆಯನ್ನು ಹೀಗೆ ಗಿರಾಕಿಯ ಮೇಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಆ ಸಿಟ್ಟನ್ನು ಊಟ ತಂದಿಟ್ಟವರ ಮೇಲೆ ತೀರಿಸಿಕೊಳ್ಳಬಾರದು.

ಬಿಲ್ಲು ಒಂದು ಚಿಕ್ಕ ಫೋಲ್ಡರಿನಲ್ಲಿ ಬರುತ್ತದೆ. ಕಾರ್ಡ್ ಇಟ್ಟರೆ ಒಯ್ದು ಉಜ್ಜಿ, ಎರಡು ಚೀಟಿಗಳ ಜೊತೆ ವಾಪಸ್ ತರುತ್ತಾರೆ. ಅಂಗಡಿಯವರ ಪ್ರತಿಯಲ್ಲಿ ಟಿಪ್ಸಿಗೊಂದು, ಒಟ್ಟು ಮೊತ್ತಕ್ಕೊಂದು ಖಾಲಿ ಗೆರೆ ಇರುತ್ತದೆ. ಎರಡನ್ನೂ ತುಂಬಿ ಸಹಿ ಹಾಕಬೇಕು. ನಾನು ಮೊದಲು ನೋಡುವುದು ತೆರಿಗೆಯ ಸಾಲನ್ನು. ನಗರದಲ್ಲಿ ಮಾರಾಟ ತೆರಿಗೆ ಶೇ. 8.875. ಅದನ್ನು ಎರಡರಷ್ಟು ಮಾಡಿದರೆ ಹತ್ತಿರಹತ್ತಿರ ಶೇ. 18 ಆಗುತ್ತದೆ. ಊಟ 40 ಡಾಲರ್ ಆಗಿದ್ದರೆ ತೆರಿಗೆ 3.55, ನಾನು ಟಿಪ್ಸಿಗೆ 7 ಬರೆಯುತ್ತೇನೆ, ಚೆನ್ನಾಗಿ ನೋಡಿಕೊಂಡಿದ್ದರೆ 8. ಒಟ್ಟು ಮೊತ್ತದ ಗೆರೆಯನ್ನು ಖಾಲಿ ಬಿಡುವುದಿಲ್ಲ. ಚೀಟಿಯಲ್ಲಿ ‘ಗ್ರ್ಯಾಚುಯಿಟಿ’ (ಅಲ್ಲಿ ಟಿಪ್ಸಿಗೇ ಇನ್ನೊಂದು ಹೆಸರು) ಎಂದು ಆಗಲೇ ಸೇರಿಸಿದ್ದರೆ ಮತ್ತೆ ಕೊಡಬೇಕಿಲ್ಲ. ಆರೇಳು ಜನ ಒಟ್ಟಿಗೆ ಹೋದಾಗ ಹೀಗೆ ಸೇರಿಸುವುದು ಹೆಚ್ಚು, ಅದಕ್ಕೇ ಪೆನ್ನು ಹಿಡಿಯುವ ಮೊದಲು ಪೂರ್ತಿ ಓದಿ.

ಕೌಂಟರಿನಲ್ಲಿ ಕಾಫಿ ಕೊಂಡಾಗಲೂ ಪರದೆ ತಿರುಗಿಸಿ ಶೇ. 18, 20, 25 ತೋರಿಸುತ್ತಾರೆ. ಅಲ್ಲಿ ಬೇಡ ಎಂದು ಒತ್ತಲು ಸಂಕೋಚಪಡಬೇಕಿಲ್ಲ. ನೀರಿನ ಬಾಟಲಿ ಎತ್ತಿಕೊಂಡದ್ದಕ್ಕೆ ನಾನಂತೂ ಕೊಡುವುದಿಲ್ಲ. ಟ್ಯಾಕ್ಸಿಗೆ ಶೇ. 15ರಿಂದ 20 ಕೊಡುತ್ತೇನೆ.

ನಮ್ಮವರು ಸಾಮಾನ್ಯವಾಗಿ ಮರೆಯುವುದು ಹೋಟೆಲ್ ರೂಮು ಸ್ವಚ್ಛ ಮಾಡುವವರನ್ನು. ಅವರು ನಮ್ಮ ಕಣ್ಣಿಗೇ ಬೀಳುವುದಿಲ್ಲವಲ್ಲ! ಇಳಿದ ದಿನವೇ ರಿಸೆಪ್ಶನ್ನಿನಲ್ಲಿ 20 ಡಾಲರ್ ನೋಟು ಮುರಿಸಿ ಚಿಲ್ಲರೆ ಇಟ್ಟುಕೊಳ್ಳುತ್ತೇನೆ. ದಿನಕ್ಕೆ ಮೂರೋ ನಾಲ್ಕೋ ಡಾಲರ್, ‘ಥ್ಯಾಂಕ್ ಯೂ’ ಎಂದು ಬರೆದ ಚೀಟಿಯ ಮೇಲೆ. ಚೀಟಿ ಇಲ್ಲದಿದ್ದರೆ ಮರೆತು ಬಿಟ್ಟ ಹಣವೆಂದು ಅವರು ಮುಟ್ಟದೇ ಇರಬಹುದು. ಹೊರಡುವ ದಿನ ಒಟ್ಟಿಗೆ ಇಟ್ಟರೆ, ಹಿಂದಿನ ದಿನಗಳಲ್ಲಿ ಕೆಲಸ ಮಾಡಿದವರಿಗೆ ಅದು ಸೇರದೇ ಹೋಗಬಹುದು. ಹಾಗಾಗಿ ದಿನಾ ಬೆಳಿಗ್ಗೆ ಇಟ್ಟೇ ಬಾಗಿಲು ಹಾಕಿಕೊಳ್ಳುತ್ತೇನೆ.