ಎಲ್ಲರೂ ಚೀಟಿ ಹಾಕಬೇಕು: ಮಕ್ಕಳ ಶಿಬಿರದಲ್ಲಿ ನನ್ನ ಅನುಭವ

“ಎಲ್ಲ ಗುರ್ತದವರೇ ಅಲ್ವಾ ಮಾರಾಯ್ರೆ, ನಮ್ಮೂರಲ್ಲಿ ಇದೆಲ್ಲ ಯಾಕೆ?” ನಾಲ್ಕು ವರ್ಷದ ಹಿಂದೆ ಉಡುಪಿಯ ನಮ್ಮ ಮೀಟಿಂಗಿನಲ್ಲಿ, ಶಿಬಿರಕ್ಕೆ ಮಕ್ಕಳ ಸುರಕ್ಷತೆಯ ನಿಯಮ ಬೇಕು ಅಂತ ನಾನು ಅಂದಾಗ ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ಕುಂದಾಪುರದಿಂದ ಕಾಪುವರೆಗೆ ಹೈಸ್ಕೂಲು ಮಕ್ಕಳಿಗೆ ಶನಿವಾರ ವಿಜ್ಞಾನ ಶಿಬಿರ, ಮಳೆ ಬಿಟ್ಟ ಮೇಲೆ ರಾತ್ರಿ ಆಕಾಶ ನೋಡುವುದು, ವಾರಕ್ಕೊಂದು ಆನ್‌ಲೈನ್ ಕ್ಲಾಸು, ಇಷ್ಟೇ ನಮ್ಮ ಕೆಲಸ. ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ಹೆಚ್ಚಿನ ಆರೋಪಿಗಳು ಮಗುವಿಗೆ ಗುರ್ತದವರೇ ಅಂದೆ. ಮೀಟಿಂಗು ಬೇಗ ಮುಗಿಯಿತು.

ಮೊದಲ ವರ್ಷ ಮಾಡಿದ್ದೆಲ್ಲ ಎಡವಟ್ಟು. ಹೆತ್ತವರ ಸಹಿಗೆ ನಾಲ್ಕು ಪುಟದ ಒಪ್ಪಿಗೆ ಪತ್ರ ಮಾಡಿದೆ. ಜೆರಾಕ್ಸಿಗೇ ಸಾವಿರದ ಮೇಲೆ ಹೋಯಿತು. ವಾಪಸು ಬಂದ 120ರಲ್ಲಿ ಹದಿನೈದು ಸಹಿ ಒಂದೇ ಪೆನ್ನು, ಒಂದೇ ಕೈಬರಹ. ಕೊನೆ ಬೆಂಚಿನವನೊಬ್ಬ ಎಲ್ಲರ ಅಪ್ಪ ಆಗಿದ್ದ. ಈಗ ಅರ್ಧ ಪುಟ, ದೊಡ್ಡ ಅಕ್ಷರ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ದಿನ ಅಮ್ಮಂದಿರಿಗೆ ಓದಿ ಹೇಳಿ, ಎದುರಲ್ಲೇ ಸಹಿ.

ದೊಡ್ಡ ತಪ್ಪು ವಾಟ್ಸಾಪ್ ಗುಂಪಿನದು. 180 ಜನ, ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತಿತ್ತು. ಗೊತ್ತಿಲ್ಲದ್ದೇನಲ್ಲ, ಯೋಚಿಸಿರಲಿಲ್ಲ ಅಷ್ಟೆ. ಹುಡುಗಿಯೊಬ್ಬಳಿಗೆ ರಾತ್ರಿ 11ಕ್ಕೆ ‘ಗುಡ್ ನೈಟ್’, ಮರುದಿನ ‘ಡಿಪಿ ಚೆನ್ನಾಗಿದೆ’. ಕಳಿಸಿದವನು ಯಾರದೋ ಅಣ್ಣನ ಗೆಳೆಯ. ಅವಳ ಅಮ್ಮ ಫೋನು ತಂದು ನನ್ನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ. ಗುಂಪು ಅವತ್ತೇ ಮುಚ್ಚಿದೆ. ಸೆಕೆಂಡ್ ಹ್ಯಾಂಡ್ ಫೋನೊಂದು ತಗೊಂಡೆ, 4,500 ಇರಬೇಕು. ಮೆಸೇಜು ಅದರಿಂದ ಮಾತ್ರ, ಹೆತ್ತವರ ನಂಬರಿಗೆ ಮಾತ್ರ, ರಾತ್ರಿ 8ರ ಮೇಲೆ ಸ್ವಿಚ್ ಆಫ್. ಚಾಟ್ ಅಳಿಸುವಂತಿಲ್ಲ. ಗುಂಪಿನ ಬದಲು, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣದ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ನಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ ಅಂತ ತಿಳಿಯುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಆ ಶನಿವಾರ ಬಂದದ್ದು 9 ಮಕ್ಕಳು!

ಆನ್‌ಲೈನ್ ಕ್ಲಾಸಿನದು ಸಣ್ಣ ವಿಷಯ. ದೊಡ್ಡವರು ಇಬ್ಬರು ಬಂದ ಮೇಲೆಯೇ ಮಕ್ಕಳು ಸೇರಲು ಕಾಯುವ ವೇಟಿಂಗ್ ರೂಮ್ ತೆರೆಯುವುದು, ಖಾಸಗಿ ಚಾಟ್ ಬಂದ್.

ಕತ್ತಲೆಯದು ಬೇರೆಯೇ ಕತೆ. ನಮ್ಮದು 6 ಇಂಚಿನ ಡಾಬ್ಸೋನಿಯನ್, ಕೈಯಿಂದಲೇ ತಳ್ಳಿ ತಿರುಗಿಸುವ ಟೆಲಿಸ್ಕೋಪು. ಶನಿ ಒಂದು ನಿಮಿಷದೊಳಗೆ ನೋಟದಿಂದ ಜಾರಿ ಹೋಗುತ್ತಾನೆ. ಆಗ ನಾವು ಸ್ಟೂಲಿನ ಮೇಲೆ ನಿಂತ ಮಗುವಿನ ಹಿಂದಿನಿಂದ, ಅದರ ಮೈಮೇಲೆ ಬಾಗಿ ಕೊಳವೆ ತಳ್ಳುತ್ತಿದ್ದೆವು. ವರ್ಷಗಟ್ಟಲೆ ನಾನೇ ಹಾಗೆ ಮಾಡಿದ್ದೇನೆ, ಏನೂ ಅನಿಸಿರಲಿಲ್ಲ. ಒಂದು ರಾತ್ರಿ ಎಂಟನೇ ಕ್ಲಾಸಿನವಳೊಬ್ಬಳು ನೋಡದೆಯೇ ಇಳಿದು ಬಿಟ್ಟಳು. ಈಗ ದೊಡ್ಡವರು ಕೊಳವೆಯ ಆಚೆ, ಮಗು ಈಚೆ. ತಳ್ಳುವುದು ಮಗುವೇ, ನಮ್ಮದು ಬಾಯಿ ಮಾತ್ರ: “ಒಂಚೂರು ಎಡಕ್ಕೆ, ಸಾಕು.” ಸಾಲು ನಿಲ್ಲುವಲ್ಲಿ ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ ಇಡುತ್ತೇವೆ. ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ, ಯಾರು ಎಲ್ಲಿದ್ದಾರೆ ಅಂತಲೂ ಕಾಣುತ್ತದೆ. ಸುಮ್ನೆ ಹಸಿರು ಪೇಪರೂ ಸುತ್ತಿ ನೋಡಿದೆ. ಎಲ್ಲರೂ ಯಕ್ಷಗಾನದ ರಕ್ಕಸರ ಹಾಗೆ ಕಂಡರು.

ಇನ್ನು ಡಬ್ಬಿ. ಸಲಹಾ ಪೆಟ್ಟಿಗೆ ನಾವೂ ಇಟ್ಟಿದ್ದೆವು. ಆರು ತಿಂಗಳಲ್ಲಿ ಬಂದದ್ದು 4 ಚೀಟಿ, ಮೂರರಲ್ಲಿ ಗೋಳಿಬಜೆ ಬೇಕು ಅಂತ. ಚೀಟಿ ಹಾಕಲು ಎದ್ದವಳನ್ನು ಇಡೀ ಕ್ಲಾಸು ತಿರುಗಿ ನೋಡುತ್ತದೆ, ಯಾರು ಹಾಕುತ್ತಾರೆ? ಎಲ್ಲರೂ ಹಾಕಿ, ಖಾಲಿಯಾದರೂ ಸರಿ ಅಂದೆ. ಆಗ ಪೆನ್ನು ಹಿಡಿದವರು ಎದ್ದು ಕಂಡರು. ಈಗ ಎಲ್ಲರೂ ಎರಡು ಸಾಲು ಬರೆಯಲೇಬೇಕು, ಊಟದ ವಿಷಯವಾದರೂ ಆದೀತು. ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡ ಯಾವುದರಲ್ಲಾದರೂ ಬರೆಯಿರಿ ಅಂದ ಮೇಲೆ ಚೀಟಿಗಳು ಉದ್ದ ಆದವು. ಅದೇ ಹುರುಪಿನಲ್ಲಿ ನಮ್ಮ ನಿಯಮಗಳನ್ನೂ ತುಳುವಿನಲ್ಲಿ ಓದಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಬಿಟ್ಟೆ.

ಹೀಗೆ ಬಂದ ಒಂದು ಚೀಟಿ ಗಂಭೀರದ್ದು. ಮಗುವಿನ ಗುರುತು ಹೊರಬೀಳಬಾರದು ಅಂತ ಕಾನೂನೇ ಉಂಟು, ಹಾಗಾಗಿ ಊರು, ವರ್ಷ ಏನೂ ಬರೆಯುವುದಿಲ್ಲ. ಮೇಡಂ ಒಬ್ಬರು ಆ ಮಗುವಿನ ಜೊತೆಗೆ ಕೂತರು. ಬಾಗಿಲು ತೆರೆದೇ ಇತ್ತು, ಇನ್ನೊಬ್ಬರು ಮಾತು ಕೇಳಿಸದ, ಕಣ್ಣಿಗೆ ಕಾಣುವ ದೂರದಲ್ಲಿ. ಕೆದಕಲಿಲ್ಲ. ಯಾರಿಗೂ ಹೇಳುವುದಿಲ್ಲ ಅಂತ ಮಾತೂ ಕೊಡಲಿಲ್ಲ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಂಡರು. ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು, ಪೊಲೀಸರಿಗೂ ತಿಳಿಸಿದೆವು. “ಮೊದಲು ನಾವೇ ವಿಚಾರಿಸುವ” ಅಂದವರಿಗೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ತೋರಿಸಿದೆ. ಗೊತ್ತಿದ್ದೂ ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ನಮಗೇ ಶಿಕ್ಷೆ. ಮತ್ತೆ ಯಾರೂ ಮಾತಾಡಲಿಲ್ಲ.

ದುಡ್ಡು? ಪ್ರತಿ ಶಿಬಿರಕ್ಕೂ, ದೊಡ್ಡವರು ಇಬ್ಬರಿರಲಿ ಅಂತ ಕರೆಯುವ ಎರಡನೇ ಟೀಚರಿಗೆ 500, ಊಟ, ಬಸ್ ಚಾರ್ಜು. ರಾತ್ರಿ ಮಕ್ಕಳನ್ನು ಮನೆಗೆ ಬಿಡಲು ವ್ಯಾನು. ಸ್ವಯಂಸೇವಕರ ಪೊಲೀಸ್ ವೆರಿಫಿಕೇಶನ್. ವರ್ಷಕ್ಕೆ 40 ಸಾವಿರದ ಆಸುಪಾಸು, ಒಟ್ಟು ಖರ್ಚಿನ ಕಾಲುಭಾಗ. ಟೆಲಿಸ್ಕೋಪಿಗೆ ದಾನಿಗಳು ಸುಲಭದಲ್ಲಿ ಸಿಗುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದಲ್ವಾ. ಎರಡನೇ ಟೀಚರ ಬಸ್ ಟಿಕೆಟಿನ ಮೇಲೆ ಯಾರ ಹೆಸರು ಬರೆಸುವುದು?

ರಾತ್ರಿ ಕಾರ್ಯಕ್ರಮಕ್ಕೆ ಮೊದಲೆಲ್ಲ 40 ಮಕ್ಕಳಲ್ಲಿ ಆರೇಳು ಹುಡುಗಿಯರು. ಹೋದ ಸಲ ಅರ್ಧಕ್ಕರ್ಧ. ಆ ದಿನ ‘ಯಾಕೆ’ ಅಂದವರಲ್ಲೇ ಇಬ್ಬರು ಮೊನ್ನೆ ಬಂದು ನಮ್ಮ ಫಾರಂ ಕೇಳಿದರು. ಕೊಟ್ಟೆ. ಹೊಸ ಸ್ವಯಂಸೇವಕರಿಗೆ ನಾನು ಕೇಳುವ ಎರಡು ಪ್ರಶ್ನೆ ಮಾತ್ರ ಅವರಿಗೂ ಹೇಳಲಿಲ್ಲ, ಇಲ್ಲೂ ಬರೆಯುವುದಿಲ್ಲ. ಬರೆದರೆ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.