ಎತ್ತರ ಬಿಡಿ, ಗಟ್ಟಿತನ ಬಿಡಬೇಡಿ: ಪ್ರವಾಸಕ್ಕೆ ಹಗುರ ಟ್ರೈಪಾಡ್ ಆರಿಸುವುದು ಹೇಗೆ?

ಕ್ಯಾಮೆರಾ ಅಂಗಡಿಯಲ್ಲಿ ಹಗುರ ಟ್ರೈಪಾಡ್ ಕೇಳಿದರೆ ಮೊದಲು ಬರುವುದು ತೂಕದ ಮಾತು. ‘ಒಂದು ಕೆ.ಜಿ. ಕೂಡ ಇಲ್ಲ, ಹಿಡಿದು ನೋಡಿ’ ಎಂದು ಕೈಗಿಡುತ್ತಾರೆ. ಹಿಡಿದರೆ ಖುಷಿಯೂ ಆಗುತ್ತದೆ. ಆದರೆ ಆ ತೂಕವನ್ನು ಎಲ್ಲಿಂದ ಕಳೆದರು ಎಂಬುದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಕಾಲಿನ ಕೊಳವೆಗಳನ್ನು ತೆಳುವಾಗಿಸಿರಬಹುದು, ಎತ್ತರ ತಗ್ಗಿಸಿರಬಹುದು, ಅಲ್ಯೂಮಿನಿಯಂ ಬಿಟ್ಟು ಕಾರ್ಬನ್ ಫೈಬರ್ ಹಾಕಿರಬಹುದು, ಇಲ್ಲವೇ ಕ್ಯಾಮೆರಾ ಕೂರಿಸುವ ಮೇಲಿನ ಹೆಡ್ಡನ್ನು ಚಿಕ್ಕದು ಮಾಡಿರಬಹುದು. ಎತ್ತರ ಕಡಿಮೆಯಾದರೆ ನೀವು ಸ್ವಲ್ಪ ಬಗ್ಗಬೇಕಾಗುತ್ತದೆ, ಅಷ್ಟೆ. ಕಾಲು ತೆಳುವಾದರೆ ಚಿತ್ರವೇ ಅಲುಗುತ್ತದೆ. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಕೂಡದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

ಮೊದಲು, ಯಾವುದಕ್ಕೆ ಬೇಕು?

ಈಗಿನ ಹಲವು ಮಿರರ್‌ಲೆಸ್ ಕ್ಯಾಮೆರಾಗಳೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇರುತ್ತದೆ. ಹಗಲಿನ ಪ್ರವಾಸಿ ಚಿತ್ರಗಳಿಗೆ ಟ್ರೈಪಾಡ್ ಹೊತ್ತು ತಿರುಗುವ ಅಗತ್ಯವೇ ಬರುವುದಿಲ್ಲ. ಅದು ಬೇಕಾಗುವುದು ಶಟರ್ ಅರ್ಧ ಸೆಕೆಂಡಿಗೂ ಮೀರಿ ತೆರೆದಿರುವಾಗ. ಮಳೆಗಾಲದ ಜೋಗದಲ್ಲಿ ನೀರನ್ನು ಹಾಲಿನ ಹಾಗೆ ಹರಿಸಬೇಕೆಂದರೆ ಅರ್ಧದಿಂದ ಎರಡು ಸೆಕೆಂಡ್ ಬೇಕು. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪಗಳು ಹೊತ್ತಿದಾಗ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಕಡಿಮೆ ಇಟ್ಟು ತೆಗೆಯಲು, ಕತ್ತಲಿನ ಬೆಟ್ಟದ ಮೇಲೆ ನಕ್ಷತ್ರಗಳನ್ನು ಹದಿನೈದಿಪ್ಪತ್ತು ಸೆಕೆಂಡ್ ಹಿಡಿಯಲು ಟ್ರೈಪಾಡ್ ಇಲ್ಲದೆ ಆಗದು.

ಕಬಿನಿ, ಬಂಡೀಪುರಗಳ ಸಫಾರಿಗಾಗಿಯೇ ಟ್ರೈಪಾಡ್ ಹುಡುಕುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಜೀಪಿನಲ್ಲಿ ಮೂರು ಕಾಲು ಬಿಡಿಸಲು ಜಾಗವೇ ಇರುವುದಿಲ್ಲ. ಅಲ್ಲಿ ಬೀನ್‌ಬ್ಯಾಗ್ ಸಾಕು. ಖಾಲಿ ಚೀಲ ಒಯ್ದು, ತಂಗುವ ಊರಿನಲ್ಲಿ ಎರಡು ಮೂರು ಕೆ.ಜಿ. ಅಕ್ಕಿ ತುಂಬಿಸಿಕೊಂಡರಾಯಿತು.

ಅಳತೆಗಳನ್ನು ಬರೆದುಕೊಳ್ಳಿ

ನಿಮ್ಮ ಕ್ಯಾಮೆರಾ ಮತ್ತು ಅತಿ ಭಾರದ ಲೆನ್ಸನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ. ಅದರ ಎರಡರಿಂದ ಮೂರು ಪಟ್ಟು ಭಾರ ಹೊರುವುದಾಗಿ ತಯಾರಕರು ಹೇಳುವ ಟ್ರೈಪಾಡ್ ನಿಮ್ಮ ಪಟ್ಟಿಗೆ ಸೇರಲಿ. ಹಾಗೆಂದು ಈ ಅಂಕಿಯನ್ನು ಪೂರ್ತಿ ನಂಬಬೇಡಿ. ಕುಸಿಯದೆ ಹೊರುವುದು ಬೇರೆ, ಅಲುಗದೆ ಹಿಡಿಯುವುದು ಬೇರೆ. ಪೆಟ್ಟಿಗೆಯ ಮೇಲಿನ ಅಂಕಿ ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಹೇಳುತ್ತದೆ.

ಎತ್ತರದ ಅಂಕಿಯಲ್ಲಂತೂ ಇನ್ನೂ ದೊಡ್ಡ ಮೋಸವಿದೆ. ‘ಗರಿಷ್ಠ 150 ಸೆಂ.ಮೀ.’ ಎಂದಿದ್ದರೆ ನಡುವಿನ ಸೆಂಟರ್ ಕಾಲಂ ಪೂರ್ತಿ ಮೇಲೆತ್ತಿದಾಗಿನ ಲೆಕ್ಕ ಅದು. ಕಾಲಂ ಎತ್ತಿದಿರೋ, ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಒಂಟಿ ಕಾಲಿನ ಇನ್ನೊಂದು ಸ್ಟ್ಯಾಂಡ್ ನಿಲ್ಲಿಸಿದಂತೆ. ಕೇಳಬೇಕಾದ ಪ್ರಶ್ನೆ ‘ಕಾಲಂ ಎತ್ತದೆ ಎಷ್ಟು ಎತ್ತರ?’ ಎಂಬುದು. 165 ಸೆಂ.ಮೀ. ಎತ್ತರದವರ ಕಣ್ಣಿನ ಮಟ್ಟ ಸುಮಾರು 153 ಸೆಂ.ಮೀ. ಹೆಡ್ ಮತ್ತು ಕ್ಯಾಮೆರಾ ಸೇರಿ ಹದಿನೆಂಟಿಪ್ಪತ್ತು ಸೆಂ.ಮೀ. ತಿನ್ನುತ್ತವೆ. ಹಾಗಾಗಿ ನೆಟ್ಟಗೆ ನಿಂತು ವ್ಯೂಫೈಂಡರ್ ನೋಡಲು ಕಾಲುಗಳಿಂದಲೇ 135 ಸೆಂ.ಮೀ. ಬಂದರೆ ಸಾಕು. ಕ್ಯಾಮೆರಾದ ಪರದೆ ಹೊರಳುವಂಥದ್ದಾದರೆ 115ರಿಂದ 120 ಕೂಡ ನಡೆಯುತ್ತದೆ. ನನ್ನ ಮಟ್ಟಿಗೆ ಪ್ರವಾಸದ ಟ್ರೈಪಾಡಿಗೆ ಇದೇ ಸರಿಯಾದ ಎತ್ತರ. ಅದರ ಮೇಲಿನ ಪ್ರತಿ ಸೆಂಟಿಮೀಟರನ್ನೂ ಬೆನ್ನು ಹೊರಬೇಕು.

ಮಡಿಸಿದಾಗಿನ ಉದ್ದ 45 ಸೆಂ.ಮೀ. ಒಳಗಿರಲಿ. ಬೆನ್ನುಚೀಲದ ಬದಿಗೆ ಕಟ್ಟಿದರೆ ಚಾರಣದಲ್ಲಿ ಕೊಂಬೆಗೆ ಸಿಕ್ಕುವುದಿಲ್ಲ, ಕ್ಯಾಬಿನ್ ಸೂಟ್‌ಕೇಸಿನಲ್ಲೂ ಹಿಡಿಯುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ ಇರುವುದರಿಂದ ಟ್ರೈಪಾಡನ್ನು ಚೆಕ್‌ಇನ್ ಚೀಲಕ್ಕೆ ಹಾಕುವುದೇ ವಾಸಿ. ಚೂಪು ಮೊಳೆಯ ಪಾದಗಳಿದ್ದರೆ ಭದ್ರತಾ ತಪಾಸಣೆಯಲ್ಲಿ ವಾದ ಮಾಡುವ ಗೋಜೂ ತಪ್ಪುತ್ತದೆ.

ಕೊನೆಯ ಗೇಣನ್ನು ನೋಡಿ

ಟ್ರೈಪಾಡಿನ ಗಟ್ಟಿತನ ಅಳೆಯಲು ಮೇಲಿನ ದಪ್ಪ ಕೊಳವೆಯನ್ನಲ್ಲ, ನೆಲ ಮುಟ್ಟುವ ತುದಿಯ ಕೊಳವೆಯನ್ನು ನೋಡಬೇಕು. ಒಂದರೊಳಗೊಂದು ಸೇರುವ ಕೊಳವೆಗಳು ಪ್ರತಿ ಹಂತಕ್ಕೂ ಸುಮಾರು ಮೂರು ಮಿ.ಮೀ. ತೆಳುವಾಗುತ್ತ ಹೋಗುತ್ತವೆ. ಮೇಲೆ 25 ಮಿ.ಮೀ. ಇದ್ದು ನಾಲ್ಕು ಹಂತಗಳಿದ್ದರೆ ತುದಿ 16 ಮಿ.ಮೀ. ಆಸುಪಾಸು ಬರುತ್ತದೆ. ಮೇಲೆ 22 ಇದ್ದು ಐದು ಹಂತಗಳಿದ್ದರೆ ತುದಿ 10ಕ್ಕೆ ಇಳಿಯುತ್ತದೆ. ಕೊಳವೆಯ ಗೋಡೆ ಒಂದೇ ದಪ್ಪವಿದ್ದರೂ 16 ಮಿ.ಮೀ. ಕೊಳವೆ 10 ಮಿ.ಮೀ. ಕೊಳವೆಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬಿಗಿಯಾಗಿ ಬಾಗುವಿಕೆಯನ್ನು ತಡೆಯುತ್ತದೆ. ಐದು ಹಂತದ್ದು ಮಡಿಸಿದಾಗ ಮುದ್ದಾಗಿ ಕಾಣುವುದು ನಿಜ. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದ ಗಾಳಿಗೆ ಆ ಮುದ್ದುತನ ಕೆಲಸಕ್ಕೆ ಬಾರದು. ಐದು ಹಂತದ್ದೇ ಕೊಂಡರೆ ಗಾಳಿಯಿದ್ದಾಗ ಕೊನೆಯ ಹಂತ ಬಿಚ್ಚದೆ ಬಳಸುವ ಅಭ್ಯಾಸ ಮಾಡಿಕೊಳ್ಳಿ.

ಕಾರ್ಬನ್ ಫೈಬರ್ ಬೇಕೇ, ಅಲ್ಯೂಮಿನಿಯಂ ಸಾಕೇ ಎಂಬುದು ಬಹುಪಾಲು ಹಣದ ಪ್ರಶ್ನೆ. ಒಂದೇ ವಿನ್ಯಾಸದ ಎರಡು ಮಾದರಿಗಳನ್ನು ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ: 2019ರಲ್ಲಿ ಬಂದ ಪೀಕ್ ಡಿಸೈನ್ ಟ್ರಾವೆಲ್ ಟ್ರೈಪಾಡಿನ ಅಲ್ಯೂಮಿನಿಯಂ ಮಾದರಿ 1.56 ಕೆ.ಜಿ. ಇದ್ದರೆ ಕಾರ್ಬನ್ನಿನದು 1.27 ಕೆ.ಜಿ. ಮುನ್ನೂರು ಗ್ರಾಂಗಾಗಿ ಅಷ್ಟು ಹೆಚ್ಚು ಹಣ ತೆರಬೇಕೇ? ಕುಮಾರ ಪರ್ವತದಂಥ ಏರುದಾರಿಗಳನ್ನು ಮತ್ತೆ ಮತ್ತೆ ಹತ್ತುವವರು, ಕಡಲತೀರದಲ್ಲಿ ಹೆಚ್ಚು ಕೆಲಸ ಮಾಡುವವರು ಹೌದು ಎನ್ನಬಹುದು. ಕಾರ್ಬನ್ ಕೊಳವೆಗೆ ತುಕ್ಕಿನ ಭಯವಿಲ್ಲ, ಕಂಪನವೂ ಬೇಗ ಅಡಗುತ್ತದೆ. ಕಾರಿನಲ್ಲಿ ಓಡಾಡುವವರು ಅದೇ ಹಣದಲ್ಲಿ ದಪ್ಪ ಕಾಲಿನ ಅಲ್ಯೂಮಿನಿಯಂ ಟ್ರೈಪಾಡ್ ಮತ್ತು ಒಳ್ಳೆಯ ಹೆಡ್ ಕೊಳ್ಳುವುದು ಜಾಣತನ.

ಹೆಡ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪ್ರವಾಸಕ್ಕೆ ಗುಂಡಿನ ಮೇಲೆ ಎಲ್ಲ ದಿಕ್ಕಿಗೂ ಹೊರಳುವ ಬಾಲ್‌ಹೆಡ್ ಸರಿ. ಕ್ಯಾಮೆರಾದ ತಳಕ್ಕೆ ಬಿಗಿದು ಹೆಡ್ಡಿಗೆ ಸಿಕ್ಕಿಸುವ ಪ್ಲೇಟ್ ಮಾತ್ರ ಆರ್ಕಾ-ಸ್ವಿಸ್ ಮಾದರಿಯದ್ದೇ ಆಗಿರಲಿ, ಮುಂದೆ ಕೊಳ್ಳುವ ಬಹುಪಾಲು ಹೆಡ್ಡುಗಳಿಗೂ ಅದು ಹೊಂದುತ್ತದೆ. ಕಾಲಿನ ಲಾಕ್ ತಿರುಗಿಸುವಂಥದ್ದೋ ಕ್ಲಿಪ್ ಮಾದರಿಯದ್ದೋ ಎಂಬುದು ನಿಮ್ಮ ಕೈಗೆ ಬಿಟ್ಟದ್ದು.

ಅಂಗಡಿಯಲ್ಲಿ ಐದು ನಿಮಿಷ

ನಿಮ್ಮದೇ ಕ್ಯಾಮೆರಾ, ನಿಮ್ಮದೇ ಉದ್ದದ ಲೆನ್ಸ್ ಜೊತೆಗೆ ಒಯ್ಯಿರಿ. ಕಾಲುಗಳನ್ನೆಲ್ಲ ಪೂರ್ತಿ ಬಿಚ್ಚಿ, ಕಾಲಂ ಕೆಳಗೇ ಇರಲಿ. ಮೊದಲು ಕ್ಯಾಮೆರಾ ಇಡದೆ, ಹೆಡ್ ಕೂರುವ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಸ್ವಲ್ಪ ಬಳುಕುವುದು ಸಹಜ. ಕಾಲುಗಳ ಬುಡದ ಕೀಲಿನಲ್ಲೇ ಸಡಿಲ ಕಂಡರೆ ಅಲ್ಲಿಗೇ ಬಿಡಿ. ಬಳಿಕ ಒಂದೊಂದು ಕಾಲಿನ ಮೇಲೂ ಅಂಗೈಯಿಂದ ಕೆಳಕ್ಕೆ ಒತ್ತಿ, ಲಾಕ್ ಜಾರಬಾರದು.

ಈಗ ಕ್ಯಾಮೆರಾ ಕೂರಿಸಿ. ದೂರದ ಒಂದು ಬೋರ್ಡಿನ ಅಕ್ಷರಕ್ಕೆ ಫೋಕಸ್ ಮಾಡಿ, ಪರದೆಯಲ್ಲಿ ಆ ಅಕ್ಷರವನ್ನು ಗರಿಷ್ಠ ಮಟ್ಟಕ್ಕೆ ದೊಡ್ಡದು ಮಾಡಿಕೊಳ್ಳಿ. ಲೆನ್ಸಿನ ತುದಿಯನ್ನು ಬೆರಳಿನಿಂದ ಒಮ್ಮೆ ತಟ್ಟಿ. ಅಕ್ಷರ ಕುಣಿಯುತ್ತದೆ. ಒಂದೆರಡು ಸೆಕೆಂಡಿನಲ್ಲಿ ಸ್ತಬ್ಧವಾದರೆ ಆ ಟ್ರೈಪಾಡ್ ನಿಮ್ಮ ಕ್ಯಾಮೆರಾಕ್ಕೆ ತಕ್ಕದ್ದು. ನಾಲ್ಕೈದು ಸೆಕೆಂಡಾದರೂ ನಡುಗುತ್ತಿದ್ದರೆ ಅಂಗಡಿಯವರು ಎಷ್ಟೇ ಹೊಗಳಲಿ, ಪಕ್ಕದ್ದನ್ನು ಕೇಳಿ. ಕೊನೆಗೆ ಕ್ಯಾಮೆರಾವನ್ನು ಲಂಬ ಚಿತ್ರಕ್ಕೆಂದು ಬದಿಗೆ ಹೊರಳಿಸಿ, ಹೆಡ್ ಬಿಗಿಮಾಡಿ ಕೈಬಿಡಿ. ಅಕ್ಷರ ಚೌಕಟ್ಟಿನಲ್ಲಿ ಮೆಲ್ಲನೆ ಸರಿಯುತ್ತ ಹೋದರೆ ಹೆಡ್ ದುರ್ಬಲವೆಂದು ಅರ್ಥ. ಆನ್‌ಲೈನ್‌ನಲ್ಲಿ ಕೊಳ್ಳುವವರು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಇದನ್ನೆಲ್ಲ ಮನೆಯ ಟೆರೇಸಿನಲ್ಲಿ ಮಾಡಿ ಮುಗಿಸಬೇಕು.

ಹೊರಗೆ ಹೋದ ಮೇಲೆ

ಕಾಲು ಬಿಚ್ಚುವಾಗ ದಪ್ಪ ಹಂತದಿಂದ ಆರಂಭಿಸಿ. ಒಂದು ಕಾಲು ಲೆನ್ಸ್ ನೋಡುವ ದಿಕ್ಕಿಗೇ ಇರಲಿ. ನೀರಿನಲ್ಲಿ, ಮರಳಿನಲ್ಲಿ ಮಾತ್ರ ಇದು ತಲೆಕೆಳಗು: ಮರವಂತೆಯ ತೀರದಲ್ಲಿ ನಿಂತಿದ್ದರೆ ತುದಿಯ ಹಂತವನ್ನೇ ಮೊದಲು ಪೂರ್ತಿ ಎಳೆಯಿರಿ, ಲಾಕುಗಳು ಅಲೆಯಿಂದ ಮೇಲೆ ಉಳಿಯುತ್ತವೆ. ಗಾಳಿಗೆ ಚೀಲವನ್ನು ಕೆಳಗಿನ ಕೊಕ್ಕೆಗೆ ತೂಗುಹಾಕುವುದುಂಟು. ಅದು ಜೋಲಾಡಿದರೆ ಕಂಪನ ಹೆಚ್ಚೇ ಆಗುತ್ತದೆ, ಚೀಲದ ತಳ ನೆಲಕ್ಕೆ ತಾಗುವಂತಿರಲಿ. ಶಟರನ್ನು ಬೆರಳಿನಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಇಡಿ. ಕ್ಯಾಮೆರಾದೊಳಗಿನ ಅಲುಗಾಟ ತಡೆಯುವ ವ್ಯವಸ್ಥೆಯನ್ನು ಆಫ್ ಮಾಡಬೇಕೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಲವು ಕ್ಯಾಮೆರಾಗಳಿಗೆ ಆಫ್ ಮಾಡುವುದೇ ಸರಿ.

ಉಪ್ಪುನೀರು ತಾಗಿದ ದಿನವೇ ಸಿಹಿನೀರಿನಲ್ಲಿ ತೊಳೆದು, ಕಾಲುಗಳನ್ನು ಬಿಚ್ಚಿಟ್ಟು ಒಣಗಿಸಿ. ಪ್ಲೇಟಿನ ಸ್ಕ್ರೂ ಬಿಗಿಮಾಡುವ ಆಲನ್ ಕೀ ಚೀಲದಲ್ಲೇ ಇರಲಿ.

ಹಂಪಿ, ಬೇಲೂರು, ಸೋಮನಾಥಪುರಗಳಿಗೆ ಟ್ರೈಪಾಡ್ ಒಯ್ಯುವವರು ಒಂದು ಮಾತು ತಿಳಿದಿರಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳೊಳಗೆ ಟ್ರೈಪಾಡ್ ಬಳಸಲು ಮುಂಚಿತ ಅನುಮತಿ ಬೇಕು, ಕಾವಲುಗಾರರು ಬಾಗಿಲಲ್ಲೇ ತಡೆಯುತ್ತಾರೆ. ಪ್ರವಾಸಕ್ಕೆ ಹೊರಡುವ ಮುನ್ನವೇ ಅನುಮತಿಗಾಗಿ ಇಲಾಖೆಯ ವಲಯ ಕಚೇರಿಗೆ ಬರೆಯಿರಿ.